ಕಾಲೇಜು ಆಡಳಿತ ಮಂಡಳಿಗೆ ಹೊಸದಾಗಿ ಬಂದವರು ಮಾಡಬೇಕಾದ್ದು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಹಲವು ಖಾಸಗಿ ಪದವಿ ಕಾಲೇಜುಗಳನ್ನು ನಡೆಸುವುದು ಊರಿನವರೇ ಕಟ್ಟಿಕೊಂಡ ಸಂಘ. ಅದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದ್ದರೆ ಮೊದಲು ಬೈಲಾ, ಅಂದರೆ ಸಂಘದ ನಿಯಮಾವಳಿಯ ಪ್ರತಿ ಕೇಳಿ ಪಡೆಯಿರಿ. ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ) ಎಷ್ಟು, ನೋಟಿಸ್ ಎಷ್ಟು ದಿನ ಮುಂಚೆ, ಚೆಕ್ಕಿಗೆ ಯಾರ ಸಹಿ ಎಂಬುದನ್ನು ಗುರುತು ಹಾಕಿಕೊಳ್ಳಿ. ಹಿಂದಿನ ಮೂರು ವರ್ಷದ ಆಡಿಟ್ ವರದಿ, ಸಭೆಯ ತೀರ್ಮಾನ ಬರೆಯುವ ನಡಾವಳಿ ಪುಸ್ತಕ, ಕಾಲೇಜನ್ನು ತನ್ನಡಿ ಸೇರಿಸಿಕೊಂಡ ಕುವೆಂಪು ವಿಶ್ವವಿದ್ಯಾಲಯದ ಸಂಯೋಜನೆ ಆದೇಶವನ್ನೂ ಓದಿ.

ಸಭೆಯ ದಿನ ಗೊತ್ತು ಮಾಡುವಾಗ ಅಡಿಕೆ ಕೊಯ್ಲು ನೋಡಿಕೊಳ್ಳಿ. ನವೆಂಬರ್-ಡಿಸೆಂಬರಿನಲ್ಲಿ ತೋಟದವರು ಮನೆ ಬಿಟ್ಟು ಬರುವುದು ಕಷ್ಟ. ಕೋರಂ ಆಗದಾಗ ನಡಾವಳಿ ಪುಸ್ತಕವನ್ನೇ ಮನೆಮನೆಗೆ ಕಳಿಸಿ ಸಹಿ ಹಾಕಿಸುವ ಚಾಳಿ ಶುರುವಾಗುವುದು ಹೀಗೆ. ಅಂಥ ಸಹಿ ಹಾಕಬೇಡಿ. ನಡೆಯದ ಸಭೆಯ ಠರಾವು ತಕರಾರು ಬಂದ ದಿನ ನಿಲ್ಲುವುದಿಲ್ಲ, ಸಹಿ ಮಾತ್ರ ನಿಮ್ಮದೇ ಆಗಿರುತ್ತದೆ.

ಲೆಕ್ಕದಲ್ಲಿ ತಾಳೆ ನೋಡುವುದೇ ದೊಡ್ಡ ಕೆಲಸ. ದಾಖಲಾತಿ ಪ್ರಕಾರ ಎಷ್ಟು ಶುಲ್ಕ ಬರಬೇಕು, ರಸೀದಿ ಎಷ್ಟಕ್ಕಾಗಿದೆ, ಬ್ಯಾಂಕಿಗೆ ಎಷ್ಟು ಕಟ್ಟಿದ್ದಾರೆ? ಪ್ರತಿ ಸಭೆಯಲ್ಲೂ ಕೇಳಿ. ಪರೀಕ್ಷಾ ಶುಲ್ಕ, ಕಾಷನ್ ಡಿಪಾಸಿಟ್ (ವಿದ್ಯಾರ್ಥಿಗೆ ವಾಪಸ್ ಕೊಡಬೇಕಾದ ಠೇವಣಿ) ಕಾಲೇಜಿನ ಹಣವಲ್ಲ. ಸಂಬಳಕ್ಕೆ ಕಷ್ಟವಾದಾಗ ಮೊದಲು ಕೈ ಹೋಗುವುದು ಅಲ್ಲಿಗೇ, ಆದ್ದರಿಂದ ಬೇರೆ ಖಾತೆಯಲ್ಲಿ ಇಡಿಸಿ. ವಾರ್ಷಿಕ ಮಹಾಸಭೆಯಾದ 14 ದಿನದೊಳಗೆ ಮಂಡಳಿಯ ಪಟ್ಟಿ, ಆಡಿಟ್ ಆದ ಲೆಕ್ಕ ಸಂಘಗಳ ನೋಂದಣಾಧಿಕಾರಿಗೆ ಹೋಗಬೇಕು. ಅವು ಸೇರಿದ್ದಕ್ಕೆ ಆ ಕಚೇರಿ ಕೊಡುವ ಹಿಂಬರಹದ ಪ್ರತಿಯನ್ನು ಕಣ್ಣಾರೆ ನೋಡಿ.

ಸಿಬ್ಬಂದಿಯ ಮೇಲೆ ಕ್ರಮಕ್ಕೆ ಅವಸರ ಬೇಡ. ಆರೋಪಪಟ್ಟಿ, ಉತ್ತರಕ್ಕೆ ಕಾಲಾವಕಾಶ, ವಿಚಾರಣೆ ಯಾವುದೂ ಇಲ್ಲದ ವಜಾ ಆದೇಶ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಬಿದ್ದುಹೋದರೆ ಹಿಂಬಾಕಿ ಸಂಬಳ ಸಂಘದ ತಲೆಗೆ ಬರುತ್ತದೆ. ನಿಮ್ಮ ನೆಂಟರ ನೇಮಕಾತಿ ಚರ್ಚೆಗೆ ಬಂದರೆ ಎದ್ದು ಹೊರಗೆ ಹೋಗಿ, ಹೋದದ್ದನ್ನು ನಡಾವಳಿಯಲ್ಲಿ ಬರೆಸಿ.

ವೇಳಾಪಟ್ಟಿ, ಹಾಜರಾತಿ ಪ್ರಾಂಶುಪಾಲರ ಕೆಲಸ. ಪರಿಚಯದ ಹುಡುಗನಿಗೆ ಹಾಜರಾತಿ ಕಡಿಮೆ ಬಿತ್ತೆಂದು ಫೋನ್ ಮಾಡುವ ಸದಸ್ಯರಿಗೆ ನಾಳೆ ಪ್ರಾಂಶುಪಾಲರನ್ನು ಪ್ರಶ್ನಿಸುವ ಬಾಯಿ ಇರುವುದಿಲ್ಲ.

ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಡಿ ಆಂತರಿಕ ಸಮಿತಿ ಇರಲೇಬೇಕು: ಹಿರಿಯ ಉದ್ಯೋಗಿ ಮಹಿಳೆ ಅಧ್ಯಕ್ಷೆ, ಕನಿಷ್ಠ ಅರ್ಧದಷ್ಟು ಮಹಿಳೆಯರು, ಹೊರಗಿನವರೊಬ್ಬರು. ಸದಸ್ಯರ ಅವಧಿ ಮೂರು ವರ್ಷ ಮೀರುವಂತಿಲ್ಲ. ಅವಧಿ ಮುಗಿದ ಹೆಸರುಗಳೇ ಬೋರ್ಡಿನ ಮೇಲೆ ಉಳಿದಿವೆಯೇ ನೋಡಿ.

ಕಟ್ಟಡದ ದುರಸ್ತಿಯನ್ನು ಏಪ್ರಿಲ್ ಸಭೆಗೇ ತನ್ನಿ. ಹಂಚು, ಶೀಟು, ನೀರಿಳಿಯುವ ಪೈಪು, ಲ್ಯಾಬಿನ ವೈರಿಂಗ್ ನೋಡಿಸಿ, ಮೂರು ಕೊಟೇಶನ್ ಇಟ್ಟು ಒಪ್ಪಿಗೆ ಕೊಡಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮಾಡು ಹತ್ತುವವರು ಸಿಗುವುದಿಲ್ಲ, ಸಿಕ್ಕರೂ ಹೇಳಿದ್ದೇ ರೇಟು.