ಸೋಲಾರ್ ಬ್ಯಾಟರಿಗೆ ನೀರು ಹಾಕುವಾಗ ನಾನು ಪಾಲಿಸುವ ಕ್ರಮ

ಮಲೆನಾಡಿನ ಒಂಟಿಮನೆಗಳಲ್ಲಿ 150 ಎಎಚ್ (ಆಂಪಿಯರ್-ಅವರ್) ಸಾಮರ್ಥ್ಯದ ಎರಡು ಟ್ಯೂಬ್ಯುಲರ್ (ಸೀಸ-ಆಸಿಡ್) ಬ್ಯಾಟರಿ ಸೇರಿಸಿ ಮಾಡಿದ 24 ವೋಲ್ಟ್ ಸೋಲಾರ್ ಕಾಣಸಿಗುತ್ತದೆ. ಅದರ ಆಸಿಡ್‌ಗೆ ಎಲ್ಲರೂ ಹೆದರುತ್ತಾರೆ. ನನಗೆ ಹೆಚ್ಚು ಭಯ ಕಣ್ಣಿಗೆ ಕಾಣದ, ವಾಸನೆಯೂ ಇಲ್ಲದ ಹೈಡ್ರೋಜನ್ನಿನದು.

ಬ್ಯಾಟರಿ ತುಂಬಿದ ಮೇಲೂ ಹರಿಯುವ ಕರೆಂಟ್ ಅದರೊಳಗಿನ ನೀರನ್ನು ಹೈಡ್ರೋಜನ್, ಆಮ್ಲಜನಕವಾಗಿ ಒಡೆಯುತ್ತದೆ; ಹಾಗೆ ಕಡಿಮೆಯಾದ ನೀರನ್ನೇ ಮತ್ತೆ ತುಂಬಬೇಕಾಗುವುದು. ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಪ್ರತಿ ಸೆಲ್ಲಿನಿಂದ ಸುಮಾರು 0.42 ಲೀಟರ್ ಹೈಡ್ರೋಜನ್ ಬರುತ್ತದೆ. ಒಂದು ಬ್ಯಾಟರಿಯಲ್ಲಿ ಆರು ಸೆಲ್; ಎರಡರ 12 ಸೆಲ್ಲಿಗೆ 10 ಆಂಪಿಯರ್ ಹೋದರೆ ಗಂಟೆಗೆ 50 ಲೀಟರ್. ಗಾಳಿಯಲ್ಲಿ ಅದು ಶೇ 4ರಷ್ಟಾದರೆ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ಒಂದು ಘನ ಮೀಟರಿನ ಮುಚ್ಚಿದ ಕಪಾಟು ಗಂಟೆಯೊಳಗೇ ಆ ಮಟ್ಟ ಮುಟ್ಟುತ್ತದೆ. ಆದ್ದರಿಂದ ಕಪಾಟು ಬೇಡವೇ ಬೇಡ. ಗೋಡೆಯಲ್ಲಿ ಕೆಳಗೊಂದು, ಸೂರಿನ ಬಳಿ ಒಂದು ಕಿಂಡಿ ಬಿಡಿಸುತ್ತೇನೆ. ಇನ್ವರ್ಟರ್ ಬ್ಯಾಟರಿಯ ನೇರ ಮೇಲೆ ಕೂರಬಾರದು, ಅದರ ರಿಲೇ (ಒಳಗಿನ ಸ್ವಿಚ್) ಕಿಡಿ ಹಾರಿಸುತ್ತದೆ. ದೇವರ ದೀಪವೂ ಆ ಕೋಣೆಯಲ್ಲಿ ಬೇಡ.

ಕೆಲಸ ಬಿಸಿಲು ಇಳಿದ ಮೇಲೆ. ಮೊದಲು ಎರಡು ಬಕೆಟ್ ನೀರು ತುಂಬಿಸಿಡುತ್ತೇನೆ; ಆಮೇಲೆ ಪಂಪ್ ಓಡುವುದಿಲ್ಲವಲ್ಲ. ನಂತರ ಲೋಡ್ ಆಫ್, ಪ್ಯಾನಲ್ ಎಂಸಿಬಿ (ಪ್ಯಾನಲಿನ ಕರೆಂಟ್ ಕಡಿಯುವ ಸ್ವಿಚ್) ಆಫ್, ಕೊನೆಗೆ ಬ್ಯಾಟರಿ. ಪ್ಯಾನಲ್ ಆನ್ ಇದ್ದಂತೆಯೇ ಬ್ಯಾಟರಿ ಕಳಚಿದರೆ ಚಾರ್ಜ್ ಕಂಟ್ರೋಲರ್ (ಪ್ಯಾನಲಿನಿಂದ ಬ್ಯಾಟರಿಗೆ ಹೋಗುವ ಚಾರ್ಜ್ ನಿಯಂತ್ರಿಸುವ ಪೆಟ್ಟಿಗೆ) ಸುಟ್ಟುಹೋಗಬಹುದು. ಕಿಟಕಿ ತೆರೆದು ಒಂದು ಗಂಟೆ ಬಿಡುತ್ತೇನೆ. ಉಂಗುರ, ಸರ, ವಾಚ್ ಕಳಚಿಡಬೇಕು. ಲೋಹ ತಗುಲಿ ಶಾರ್ಟ್ ಆದರೆ ಕರೆಂಟ್ ಸಾವಿರ ಆಂಪಿಯರ್ ದಾಟುತ್ತದೆ. ಸ್ಪ್ಯಾನರಿನ ಬಾಯಿಯಷ್ಟೇ ಬಿಟ್ಟು ಉಳಿದದ್ದಕ್ಕೆ ಟೇಪ್ ಸುತ್ತಿರಬೇಕು. ಕನ್ನಡಕ, ರಬ್ಬರ್ ಕೈಗವಸು ಹಾಕದೆ ಮುಚ್ಚಳ ತೆಗೆಯುವುದಿಲ್ಲ.

ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ, ಅದೂ ಚಾರ್ಜ್ ತುಂಬಿದ ಮೇಲೆ. ಖಾಲಿ ಬ್ಯಾಟರಿಗೆ ಗುರುತಿನವರೆಗೆ ತುಂಬಿಸಿದರೆ ಚಾರ್ಜ್ ಆಗುವಾಗ ಉಕ್ಕುತ್ತದೆ. ಒಳಗಿನ ಸೀಸದ ಪ್ಲೇಟ್ ಕಾಣುತ್ತಿದ್ದರೆ ಮಾತ್ರ ಅದು ಮುಳುಗುವಷ್ಟು ಮೊದಲೇ ಹಾಕಿ.

ನೆಲಕ್ಕೆ ಚೆಲ್ಲಿದ ಆಸಿಡ್‌ಗೆ ಅಡುಗೆ ಸೋಡಾ ಕರಗಿಸಿದ ನೀರು. ಮುಚ್ಚಳಗಳು ಬಿಗಿಯಾಗಿರಲಿ, ಸೋಡಾ ಸೆಲ್ಲಿನೊಳಗೆ ಹೋದರೆ ಆಸಿಡ್ ಕೆಡುತ್ತದೆ. ಕಣ್ಣಿಗೆ ಹಾರಿದರೆ ಸೋಡಾ ಬೇಡ, ಬರೀ ನೀರಿನಿಂದ 20 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ಒಂದು ಸೆಲ್ ಒಳಗೇ ಶಾರ್ಟ್ ಆದರೆ ಕಂಟ್ರೋಲರಿಗೆ ಗೊತ್ತಾಗುವುದಿಲ್ಲ. 12 ಸೆಲ್ಲಿಗೆಂದಿರುವ 28.8 ವೋಲ್ಟನ್ನು ಉಳಿದ 11 ಸೆಲ್ಲಿಗೇ ಹಂಚುತ್ತದೆ, ಅಂದರೆ ಸೆಲ್ಲಿಗೆ 2.4ರ ಬದಲು 2.6 ವೋಲ್ಟ್. ಬ್ಯಾಟರಿ ವಿಪರೀತ ಬಿಸಿಯಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಆ ವಾಸನೆಯ ಅನಿಲ (ಹೈಡ್ರೋಜನ್ ಸಲ್ಫೈಡ್) ವಿಷ. ಆಗ ಟರ್ಮಿನಲ್ ಮುಟ್ಟಬೇಡಿ. ಕೋಣೆಯ ಹೊರಗಿರುವ ಎಂಸಿಬಿಯಿಂದ ಪ್ಯಾನಲ್ ಆಫ್ ಮಾಡಿ, ಬಾಗಿಲು ತೆರೆದಿಟ್ಟು ದೂರ ಹೋಗಿ. ಪ್ಯಾನಲ್ ಎಂಸಿಬಿಯನ್ನು ಯಾವಾಗಲೂ ಹೊರಗೋಡೆಗೇ ಹಾಕಿಸುವುದು ಇದಕ್ಕಾಗಿ.