ಬೆನ್ನಹೀ ಬೆಟ್ಟಕ್ಕೆ ಮೊದಲ ಸಲ ಹೊರಟವರಿಗೆ

ಅಬರ್ಡೀನ್‌ಗೆ ಬಂದು ಮನೆ ಹಿಡಿದು, ಮಕ್ಕಳ ಶಾಲೆ, ಜಿಪಿ ಅಂದರೆ ಮನೆ ವೈದ್ಯರ ಹತ್ತಿರ ನೋಂದಣಿ ಎಲ್ಲ ಮುಗಿದ ಮೇಲೆ ಹೆಚ್ಚಿನ ಮನೆಗಳಲ್ಲಿ ಬೆಟ್ಟದ ಮಾತು ಶುರುವಾಗುತ್ತದೆ. ಬಹಳ ಮಂದಿಗೆ ಮೊದಲು ನೆನಪಾಗುವುದು ಬೆನ್ ನೆವಿಸ್. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಅದು 1,345 ಮೀಟರ್, ಬ್ರಿಟನ್ನಿನಲ್ಲೇ ಎತ್ತರದ್ದು, ಹತ್ತಿ ಇಳಿಯಲು ಇಡೀ ದಿನ ಬೇಕು. ಇಲ್ಲಿನ ಗಾಳಿ, ಮಳೆ, ಮಂಜು ಹೇಗೆ ಅಂತ ಮೈಗೆ ಗೊತ್ತಾಗಬೇಕಾದರೆ ಮೊದಲು ಬೆನ್ನಹೀಗೆ ಹೋಗಿ. ಇನ್‌ವರೂರಿ ಪಟ್ಟಣದ ಪಕ್ಕದಲ್ಲೇ ಇದೆ.

ಬೆನ್ನಹೀಗೆ ಹಲವು ತಲೆಗಳಿವೆ. ಎತ್ತರದ್ದು ಆಕ್ಸನ್ ಕ್ರೇಗ್, 528 ಮೀಟರ್. ಆದರೆ ದೂರದಿಂದಲೇ ಕಣ್ಣಿಗೆ ಬೀಳುವ ಚೂಪು ಕಲ್ಲಿನ ತುದಿ ಮಿದರ್ ಟ್ಯಾಪ್, 518 ಮೀಟರ್. ಮೊದಲ ಸಲಕ್ಕೆ ಮಿದರ್ ಟ್ಯಾಪನ್ನೇ ಇಟ್ಟುಕೊಳ್ಳಿ. ವಿಸಿಟರ್ ಸೆಂಟರ್ ಕಡೆಯಿಂದ ಹೋಗಿ ಬರಲು ಸುಮಾರು ಮೂರು ಗಂಟೆ. ಚಿಕ್ಕ ಮಕ್ಕಳಿದ್ದರೆ ನಾಲ್ಕು ಅಂತಲೇ ಲೆಕ್ಕ ಹಾಕಿ.

ಒಂದು ವಿಷಯ ಮೊದಲೇ ತಿಳಿದಿರಲಿ. ಇಲ್ಲಿ ಟಿಕೆಟ್ ಇಲ್ಲ, ಗೇಟ್ ಇಲ್ಲ, ಕಾವಲುಗಾರ ಇಲ್ಲ. 2003ರ ಭೂಸುಧಾರಣಾ ಕಾಯ್ದೆಯ ಪ್ರಕಾರ ಸ್ಕಾಟ್‌ಲ್ಯಾಂಡಿನ ಬೆಟ್ಟ, ಕಾಡು, ಬಯಲಲ್ಲಿ ಜವಾಬ್ದಾರಿಯಿಂದ ಓಡಾಡುವ ಹಕ್ಕು ಎಲ್ಲರಿಗೂ ಇದೆ. ನೀವು ಯಾವ ವೀಸಾದ ಮೇಲೆ ಬಂದಿದ್ದೀರಿ ಅಂತ ಯಾರೂ ಕೇಳುವುದಿಲ್ಲ. ಹಾಗೆಯೇ, ಮೋಡ ಕವಿದಾಗ "ಇವತ್ತು ಮೇಲೆ ಹೋಗಬೇಡಿ" ಅಂತ ತಡೆಯುವವರೂ ಇಲ್ಲ. ಆ ತೀರ್ಮಾನ ನೀವೇ ಮಾಡಬೇಕು. ಈ ಮಾರ್ಗದರ್ಶಿ ಬರೆದದ್ದೇ ಅದಕ್ಕೆ.

ಹೊರಡುವ ಮುಂಚೆ

ಹಿಂದಿನ ರಾತ್ರಿ ಮೆಟ್ ಆಫೀಸ್ (ಇಲ್ಲಿನ ಹವಾಮಾನ ಇಲಾಖೆ) ಮುನ್ಸೂಚನೆ ನೋಡಿ. ಮಳೆಗಿಂತ ಗಾಳಿಯ ವೇಗದ ಕಡೆ ಜಾಸ್ತಿ ಗಮನ ಕೊಡಿ. ಕೆಳಗೆ ಕಾಡಿನಲ್ಲಿ ಎಲೆಯೂ ಅಲ್ಲಾಡದ ದಿನ, ಮೇಲೆ ಬಂಡೆಯ ಹತ್ತಿರ ಮಕ್ಕಳು ನೆಟ್ಟಗೆ ನಿಲ್ಲಲಾಗದಷ್ಟು ಗಾಳಿ ಇರಬಹುದು. ಹಗಲಿನ ಲೆಕ್ಕವೂ ನಮ್ಮೂರಿನದಲ್ಲ. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂವರೆಗೇ ಸೂರ್ಯ ಮುಳುಗುತ್ತಾನೆ. ಊಟ ಮುಗಿಸಿ ನಿಧಾನವಾಗಿ ಹೊರಡುವ ಅಭ್ಯಾಸ ಚಳಿಗಾಲದಲ್ಲಿ ಸುತರಾಂ ಬೇಡ.

ಜೀನ್ಸ್, ಹತ್ತಿ ಟೀ ಶರ್ಟ್ ಮನೆಯಲ್ಲೇ ಇರಲಿ. ಹತ್ತಿ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈಯ ಬಿಸಿಯನ್ನೂ ಎಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಅಥವಾ ಉಣ್ಣೆಯ ಬನಿಯನ್, ಮೇಲೊಂದು ಫ್ಲೀಸ್, ಅದರ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್. ಟೋಪಿ, ಕೈಗವಸು ಜುಲೈನಲ್ಲೂ ಚೀಲದಲ್ಲಿರಲಿ. ಹಿಡಿತ ಇರುವ ಬೂಟು ಬೇಕೇ ಬೇಕು. ಕೂಸನ್ನು ಸ್ಟ್ರೋಲರ್‌ನಲ್ಲಿ ಮೇಲೆ ಒಯ್ಯಲು ಆಗುವುದಿಲ್ಲ, ಬೆನ್ನಿಗೆ ಕಟ್ಟಿಕೊಳ್ಳುವ ಕ್ಯಾರಿಯರ್ ತನ್ನಿ.

ತಿನ್ನಲು ಚಪಾತಿ ರೋಲ್, ಪುಳಿಯೋಗರೆ, ಕೋಡುಬಳೆ ಎಲ್ಲ ಚೆನ್ನ. ಫ್ಲಾಸ್ಕಿನಲ್ಲಿ ಬಿಸಿ ಕಾಫಿ ಇದ್ದರಂತೂ ಬಂಡೆಯ ಮರೆಯಲ್ಲಿ ಕೂತು ಕುಡಿಯುವ ಸುಖವೇ ಬೇರೆ. ನೀರು ತಲೆಗೆ ಒಂದು ಲೀಟರ್. ಬಾಳೆಹಣ್ಣು, ಕಿತ್ತಳೆ ಸಿಪ್ಪೆಯೂ ಚೀಲದಲ್ಲೇ ವಾಪಸ್ ಬರಬೇಕು. ಇಲ್ಲಿನ ಚಳಿಯಲ್ಲಿ ಅವು ಬೇಗ ಕೊಳೆಯುವುದಿಲ್ಲ. ಮೇಲೆ ಟಾಯ್ಲೆಟ್ ಇಲ್ಲ, ಮಕ್ಕಳಿಗೆ ಕೆಳಗೇ ಮುಗಿಸಿಕೊಳ್ಳಲು ಹೇಳಿ.

ಕಾರಿನಲ್ಲಿ ಹೋಗುವವರು ಗಮನಿಸಿ: ಹನ್ನೆರಡು ವರ್ಷ ತುಂಬುವ ತನಕ, ಅಥವಾ 135 ಸೆಂಟಿಮೀಟರ್ ಎತ್ತರ ಆಗುವ ತನಕ, ಮಕ್ಕಳಿಗೆ ಕಾರ್ ಸೀಟ್ ಕಡ್ಡಾಯ. ಕಾರಿಲ್ಲದವರು ಇನ್‌ವರೂರಿಗೆ ರೈಲಿನಲ್ಲಿ ಬಂದು ಅಲ್ಲಿಂದ ಟ್ಯಾಕ್ಸಿ ಹಿಡಿಯಬಹುದು.

ದಾರಿಯಲ್ಲಿ

ಮೊದಲ ಭಾಗ ಪೈನ್ ಮತ್ತು ಲಾರ್ಚ್ ಮರಗಳ ಕಾಡು. ಇಲ್ಲಿ ಅವಸರ ಬೇಡ. ಸುಮ್ನೆ ನಿಂತು ಮೇಲೆ ನೋಡಿದರೆ ಕೆಂಪು ಅಳಿಲು ಕಾಣುವ ಅವಕಾಶ ಇದೆ. ಕಾಡಿನಲ್ಲಿ ಪಾಚಿ ಹತ್ತಿದ ಮೊಣಕಾಲೆತ್ತರದ ಕಲ್ಲುಗೋಡೆಗಳು ಸಿಗುತ್ತವೆ. ಆ ಜಾಗವನ್ನು ಕಾಲೊನಿ ಅನ್ನುತ್ತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಭೂಮಿ ಇಲ್ಲದ ಬಡ ಕುಟುಂಬಗಳು ಇಲ್ಲಿನ ಸಾರ್ವಜನಿಕ ಜಾಗದಲ್ಲಿ ಕಲ್ಲು ಆರಿಸಿ, ಮನೆ ಕಟ್ಟಿ, ಹೊಲ ಮಾಡಿಕೊಂಡಿದ್ದವು. 1859ರಲ್ಲಿ ಸುತ್ತಲಿನ ಜಮೀನ್ದಾರರು ಬೆಟ್ಟವನ್ನು ತಮ್ಮೊಳಗೆ ಹಂಚಿಕೊಂಡರು. ತಾವೇ ಹಸನು ಮಾಡಿದ ನೆಲಕ್ಕೆ ಆ ಜನ ಬಾಡಿಗೆ ಕಟ್ಟಬೇಕಾಯಿತು. ಒಬ್ಬೊಬ್ಬರಾಗಿ ಬಿಟ್ಟು ಹೋದರು. ಮಕ್ಕಳಿಗೆ ಈ ಕತೆ ಆ ಗೋಡೆಯ ಪಕ್ಕ ನಿಂತೇ ಹೇಳಿ. ಊರಿನಿಂದ ಬಂದ ಅಪ್ಪ ಅಮ್ಮನಿಗೆ ಮಂಡಿನೋವಿದ್ದರೆ ಮೇಲಕ್ಕೆ ಹೋಗಬೇಕೆಂದೇ ಇಲ್ಲ. ಕೆಳಗಿನ ಈ ಕಾಡುದಾರಿಗಳೇ ಅವರಿಗೆ ಒಳ್ಳೆಯ ಅರ್ಧ ದಿನ.

ಕಾಡು ದಾಟಿದರೆ ಬಯಲು, ಎರಡೂ ಕಡೆ ಹೆದರ್ ಪೊದೆ. ಆಗಸ್ಟ್‌ನಲ್ಲಿ ಬಂದರೆ ಇಡೀ ಇಳಿಜಾರು ನೇರಳೆ ಬಣ್ಣ, ಜೇನುಹುಳುಗಳ ಸದ್ದು. ನನ್ನನ್ನು ಕೇಳಿದರೆ ಈ ಬೆಟ್ಟಕ್ಕೆ ಬರಲು ಅದೇ ಸರಿಯಾದ ಕಾಲ. ಪೊದೆಗಳ ನಡುವೆ ನೆಲಕ್ಕೆ ಹತ್ತಿರ ಬ್ಲೇಬೆರಿ ಇರುತ್ತದೆ. ಕಡುನೀಲಿ, ಕಡಲೆಕಾಳಿನಷ್ಟು ದಪ್ಪ, ಹಿಸುಕಿದರೆ ಬೆರಳೆಲ್ಲ ನೇರಳೆ. ಸರಿಯಾಗಿ ಗೊತ್ತಿರುವವರು ತೋರಿಸಿದ ಮೇಲೆ ಮಾತ್ರ ಮಕ್ಕಳಿಗೆ ತಿನ್ನಲು ಕೊಡಿ. ಇದ್ದಕ್ಕಿದ್ದಂತೆ ಕಾಲ ಬುಡದಿಂದ ಗಲಾಟೆ ಮಾಡುತ್ತಾ ಹಾರುವ ಹಕ್ಕಿ ರೆಡ್ ಗ್ರೌಸ್. ಏಪ್ರಿಲ್‌ನಿಂದ ಬೇಸಿಗೆಯವರೆಗೆ ಅವು ನೆಲದ ಮೇಲೆ ಗೂಡು ಮಾಡುತ್ತವೆ, ದಾರಿ ಬಿಟ್ಟು ಪೊದೆಗೆ ಇಳಿಯಬೇಡಿ. ಒಣ ದಿನಗಳಲ್ಲಿ ಹೆದರ್ ಬೇಗ ಹೊತ್ತಿಕೊಳ್ಳುತ್ತದೆ. ಬಾರ್ಬೆಕ್ಯೂ, ಬೆಂಕಿ ಯಾವುದೂ ಬೇಡ.

ಎದುರಿಗೆ ಬಂದವರು ನಕ್ಕು "ಫಿಟ್ ಲೈಕ್?" ಅಂದರೆ ಹೇಗಿದ್ದೀರಿ ಅಂತ ಕೇಳುತ್ತಿದ್ದಾರೆ. ನೀವೂ ನಕ್ಕು ಹಲೋ ಅನ್ನಿ.

ಕೊನೆಯ ಏರು ಕಡಿದು. ಕಲ್ಲಿನ ಮೆಟ್ಟಿಲಂಥ ದಾರಿ ಎರಡು ದಪ್ಪ ಗೋಡೆಗಳ ನಡುವೆ ಹಾದು ಒಳಗೆ ಹೋಗುತ್ತದೆ. ಅದು ಕೋಟೆಯ ಬಾಗಿಲು. ಸುಮಾರು 1,300 ವರ್ಷಗಳ ಹಿಂದೆ ಇಲ್ಲಿ ಸ್ಕಾಟ್‌ಲ್ಯಾಂಡಿನ ಪ್ರಾಚೀನ ಪಿಕ್ಟ್ ಜನ ಇದ್ದರು. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಜೋಡಿಸಿದ ಗೋಡೆ ಇನ್ನೂ ನಿಂತಿದೆ. ಹತ್ತಿರ ಹೋಗಿ ನೋಡಿ, ದೊಡ್ಡ ಕಲ್ಲುಗಳ ಸಂದಿಗೆ ಸಣ್ಣ ಚಕ್ಕೆ ತುರುಕಿ ಬಿಗಿ ಮಾಡಿದ್ದಾರೆ. ಅದರ ಒಂದು ಕಲ್ಲನ್ನೂ ತೆಗೆದು ಗುಡ್ಡೆ ಹಾಕಬೇಡಿ. ಸಂರಕ್ಷಿತ ಸ್ಮಾರಕ ಅದು.

ತುದಿಯ ಬಂಡೆ ಗ್ರಾನೈಟ್. ಸಾವನದುರ್ಗ, ರಾಮನಗರದ ಬೆಟ್ಟ ಹತ್ತಿದವರಿಗೆ ಈ ಕಲ್ಲು ಹೊಸದಲ್ಲ. ಆದರೆ ಅಲ್ಲಿ ಬಿಸಿಲಿಗೆ ಕಾದ ಕಲ್ಲು, ಇಲ್ಲಿ ಬಹಳ ದಿನ ಒದ್ದೆ ಕಲ್ಲು. ಕಂಬಿ ಇಲ್ಲ, ಮಕ್ಕಳ ಕೈ ಬಿಡಬೇಡಿ. ಒದ್ದೆ ಇದ್ದರೆ ಅಥವಾ ಗಾಳಿ ಜೋರಿದ್ದರೆ ಕೋಟೆಯ ಒಳಗೇ ಕೂತು ತಿಂಡಿ ತಿಂದು ಇಳಿದುಬಿಡಿ. ತುದಿ ಮುಟ್ಟದೆ ಬಂದರೆ ಬೆಟ್ಟ ನೋಡಿದಂತಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಶುಭ್ರ ದಿನದಲ್ಲಿ ಪೂರ್ವಕ್ಕೆ ಉತ್ತರ ಸಮುದ್ರ, ಪಶ್ಚಿಮಕ್ಕೆ ಕೇರ್ನ್‌ಗಾರ್ಮ್ ಬೆಟ್ಟಸಾಲು, ಕೆಳಗೆ ಬಾರ್ಲಿ ಹೊಲಗಳ ಚೌಕಗಳು ಕಾಣುತ್ತವೆ.

ಏನಾದರೂ ಆದರೆ

ಕಾಲು ಮುರಿಯಿತು, ದಾರಿ ತಪ್ಪಿತು ಅಂದರೆ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ, ಮೊದಲು ಪೊಲೀಸ್ ಕೇಳಿ, ನಂತರ ಮೌಂಟನ್ ರೆಸ್ಕ್ಯೂ. ಬಿಲ್ ಬರುತ್ತದೆ ಅಂತ ಹೆದರಿ ತಡ ಮಾಡಬೇಡಿ. ಬರುವವರು ಸ್ವಯಂಸೇವಕರು, ಹಣ ಕೇಳುವುದಿಲ್ಲ. ಸಿಗ್ನಲ್ ಕಡಿಮೆ ಇದ್ದಾಗ 999ಕ್ಕೆ ಮೆಸೇಜ್ ಕಳಿಸಬಹುದು. ಅದಕ್ಕೆ ಮನೆಯಲ್ಲಿದ್ದಾಗಲೇ 'ರಿಜಿಸ್ಟರ್' ಎಂಬ ಪದವನ್ನು ಇಂಗ್ಲಿಷಿನಲ್ಲಿ 999ಕ್ಕೆ ಕಳಿಸಿ ನೋಂದಾಯಿಸಿಕೊಳ್ಳಿ. ಸೀಟಿ ಇದ್ದರೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ.

ಮನೆಗೆ ಬಂದ ಮೇಲೆ ಎಲ್ಲರ ಮೈಯನ್ನೂ ಒಮ್ಮೆ ನೋಡಿ. ಮಂಗನ ಕಾಯಿಲೆ ಗೊತ್ತಿರುವ ಮಲೆನಾಡಿನವರಿಗೆ ಉಣುಗಿನ ಬಗ್ಗೆ ಹೇಳಬೇಕಾಗಿಲ್ಲ. ಇಲ್ಲಿನ ಉಣುಗು ಹರಡುವುದು ಬೇರೆಯದೇ, ಲೈಮ್ ಕಾಯಿಲೆ. ಮಂಡಿಯ ಹಿಂದೆ, ಕಂಕುಳು, ಸೊಂಟ, ಮಕ್ಕಳ ಕೂದಲಂಚು ಹುಡುಕಿ. ಸಿಕ್ಕರೆ ಟಿಕ್ ರಿಮೂವರ್‌ನಿಂದ ಚರ್ಮಕ್ಕೆ ಹತ್ತಿರ ಹಿಡಿದು ತೆಗೆಯಿರಿ. ಎಣ್ಣೆ ಹಚ್ಚುವುದು, ಸುಡುವುದು ಬೇಡ. ಮುಂದಿನ ವಾರಗಳಲ್ಲಿ ಅಲ್ಲಿ ದೊಡ್ಡದಾಗುತ್ತಾ ಹೋಗುವ ಕೆಂಪು ಗುರುತು ಅಥವಾ ಜ್ವರ ಕಂಡರೆ ಜಿಪಿಗೆ ತೋರಿಸಿ, ಬೆಟ್ಟಕ್ಕೆ ಹೋಗಿದ್ದನ್ನು ಹೇಳಿ.

ಮಕ್ಕಳ ಬೂಟು, ಜಾಕೆಟ್ ಹೊಸದು ಕೊಳ್ಳುವ ಮುಂಚೆ ಇಲ್ಲಿನ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಮ್ಮೆ ಕೇಳಿ. ಮಕ್ಕಳು ಬೇಗ ಬೆಳೆಯುತ್ತಾರೆ, ಚಿಕ್ಕದಾದದ್ದನ್ನು ಕೊಡಲು ಕಾಯುತ್ತಿರುವ ಮನೆಗಳು ಬಹಳ ಇವೆ. ಕಾರಿನಲ್ಲಿ ಜಾಗ ಬೇಕಾದವರೂ ಅಲ್ಲೇ ಬರೆಯಿರಿ, ಮಕ್ಕಳ ವಯಸ್ಸು ತಿಳಿಸಿದರೆ ಸೀಟು ಹೊಂದಿಸಲು ಅನುಕೂಲ.