ಹಳೇ ಸಾಮಾನು ನೆಂಟರಿಗೆ ಕೊಟ್ಟೆ, ದುಡ್ಡು ಇಸ್ಕೊಂಡೇ ಕೊಟ್ಟೆ

ಹಾಸನದಲ್ಲಿ ದೊಡ್ಡ ಮನೆ ಬಿಟ್ಟು ಚಿಕ್ಕ ಮನೆಗೆ ಬಂದಾಗ ಅರ್ಧ ಸಾಮಾನು ಹೊರಗೆ ಹಾಕಲೇಬೇಕಿತ್ತು. ಈ ಸಲ ಹೆಚ್ಚುಕಮ್ಮಿ ಎಲ್ಲವೂ ನೆಂಟರಿಗೇ ಹೋಯಿತು, ಯಾರ ಜೊತೆಗೂ ಮನಸ್ತಾಪ ಆಗಲಿಲ್ಲ. ಗುಜರಿಯವನು ಯಾವ ರೇಟು ಹೇಳಿದನೋ ಅಷ್ಟನ್ನೇ ನೆಂಟರ ಹತ್ತಿರ ಇಸ್ಕೊಂಡೆ, ಗಾಡಿ ಬಾಡಿಗೆಯೂ ಅವರದ್ದೇ ಅಂದೆ. "ಸಂಬಂಧದಲ್ಲಿ ದುಡ್ಡು ಕೇಳ್ತೀಯಾ? ಜನ ಏನಂದಾರು?" ಅಂತ ಅತ್ತೆಗೆ ತುಂಬಾ ಬೇಜಾರು. ನಮ್ಮ ಮನೆಯವರಿಗೂ ನಂಬಿಕೆ ಇರಲಿಲ್ಲ.

ಸುಮ್ನೆ ಕೊಟ್ಟರೆ ಏನಾಗುತ್ತೆ ಅಂತ ಫ್ರಿಜ್ ವಿಷಯದಲ್ಲಿ ನೋಡಿಯಾಗಿತ್ತು. ಸಕಲೇಶಪುರದ ಓರಗಿತ್ತಿಗೆ ಚೆನ್ನಾಗಿ ಓಡುತ್ತಿದ್ದ ಫ್ರಿಜ್ಜನ್ನೇ ಕೊಟ್ಟಿದ್ದೆವು. 40 ಕಿಲೋಮೀಟರಿಗೆ ಲಗೇಜ್ ಆಟೋದವನು 2,000ದ ಮೇಲೆ ತಗೊಂಡ, ಅದೂ ನಮ್ಮದೇ. ಅವರು ಗಾಡಿಯಲ್ಲಿ ಅಡ್ಡ ಮಲಗಿಸಿಕೊಂಡು ಹೋಗಿ, ಇಳಿಸಿದ ತಕ್ಷಣ ಸ್ವಿಚ್ ಹಾಕಿದ್ದಾರೆ. ಕಂಪ್ರೆಸರ್ ಹೋಯಿತು. ರಿಪೇರಿಗೆ 4,500ರ ಹತ್ತಿರ, ಮರ್ಯಾದೆಗೆ ಅದನ್ನೂ ನಾವೇ ಕೊಟ್ಟೆವು. ಗುಜರಿಗೆ ಹಾಕಿದ್ದರೆ ಸಾವಿರದ ಚಿಲ್ಲರೆ ಕೈಗೆ ಬರುತ್ತಿತ್ತು. ಇಷ್ಟಾದರೂ ಯಾವ ಮದುವೆ ಮನೆಗೆ ಹೋದರೂ "ಕೆಟ್ಟ ಫ್ರಿಜ್ ಸಾಗಹಾಕಿದರು" ಅನ್ನೋದೇ ಮಾತು.

ಸ್ಕೂಟರಿನದು ಇನ್ನೊಂದು ಕಥೆ. ಭಾವನ ಮಗ ಹೆಸರು ಬದಲಾಯಿಸಿಕೊಳ್ಳದೇ ಓಡಿಸುತ್ತಿದ್ದ. ಹೆಲ್ಮೆಟ್ ಇಲ್ಲದ್ದಕ್ಕೆ 500 ರೂಪಾಯಿಯಂತೆ ಬಿದ್ದ ದಂಡವೆಲ್ಲ ನಮ್ಮ ಕೆಎ-13 ನಂಬರಿಗೆ, ಮೆಸೇಜು ನಮ್ಮ ಮನೆಯವರ ಮೊಬೈಲಿಗೆ. ಈಗ ಯಾರಿಗೆ ಗಾಡಿ ಕೊಟ್ಟರೂ, ಹೆಸರು ಬದಲಾಯಿಸೋ ಫಾರ್ಮ್ 29, 30ಕ್ಕೆ ಸಹಿ ಆಗಿ, ಆರ್‌ಸಿ, ಇನ್ಶೂರೆನ್ಸ್ ಎರಡೂ ಅವರ ಹೆಸರಿಗೆ ಬರೋವರೆಗೂ ಕೀ ನನ್ನ ಹತ್ತಿರವೇ ಇರುತ್ತೆ.

ಗ್ರೈಂಡರ್‌ನಿಂದ ನನಗೆ ಧೈರ್ಯ ಬಂತು. ಬೇಲೂರಿನ ಚಿಕ್ಕಮ್ಮ ಕೇಳಿದರು. ಅದು ತಿರುಗೋದನ್ನ, ಬೆಲ್ಟು ಕಿರಗುಟ್ಟೋ ಸದ್ದು ಕೇಳೋ ಹಾಗೆ ವಿಡಿಯೋ ಮಾಡಿ ಅವರೊಬ್ಬರಿಗೇ ಕಳಿಸಿದೆ. ಫ್ಯಾಮಿಲಿ ಗ್ರೂಪಿಗೆ ಹಾಕಲೇಬಾರದು, ಇಬ್ಬರು ಕೇಳುತ್ತಾರೆ, ಮೂರನೆಯವರು ಮುನಿಸಿಕೊಳ್ಳುತ್ತಾರೆ. 700ಕ್ಕೆ ಮಾತಾಯಿತು. ಅವರೇ ಗಾಡಿ ಮಾಡಿಕೊಂಡು ಬಂದು ಒಯ್ದರು, 200-250 ಕೊಟ್ಟು ಬೆಲ್ಟ್ ಹಾಕಿಸಿಕೊಂಡರು. ನನಗೊಂದು ಫೋನೂ ಬರಲಿಲ್ಲ. "ನಾನು ತಗೊಂಡಿದ್ದು" ಅಂತ ಬಂದವರಿಗೆಲ್ಲ ಖುಷಿಯಿಂದ ತೋರಿಸುತ್ತಾರಂತೆ! ಅದನ್ನ ಕೇಳಿದ ಮೇಲೆ ಅತ್ತೆಯೇ ತಮ್ಮ ಹಳೇ ಹೊಲಿಗೆ ಮಷಿನ್‌ಗೆ ರೇಟು ಕೇಳಿಸಿದರು.

ಬೀರು ಕೊಡೋಕೆ ಮುಂಚೆ ಮಳೆಗಾಲದ ಮುಗ್ಗಲು ವಾಸನೆ ತೆಗೀಬೇಕಿತ್ತು. ಕಾಫಿಪುಡಿ ಬಟ್ಟಲಲ್ಲಿಟ್ಟು ನೋಡಿದೆ. ಬೀರಿಗೆಲ್ಲ ಕಾಫಿ ವಾಸನೆ ಬಂತೇ ಹೊರತು ಮುಗ್ಗಲು ಹೋಗಲಿಲ್ಲ. ಒರೆಸಿ, ಬಾಗಿಲು ತೆಗೆದು ಬಿಸಿಲಿಗಿಟ್ಟು, ಆಮೇಲೆ ಇದ್ದಿಲು ಗಂಟು ಕಟ್ಟಿ ಒಂದು ವಾರ ಒಳಗಿಟ್ಟ ಮೇಲೆ ಹೋಯಿತು. ಖರ್ಚು 30 ರೂಪಾಯಿ ಇರಬಹುದು. ಅದಕ್ಕೇ 2,000 ಸಿಕ್ಕಿತು, ಗುಜರಿಯವನು ಹೇಳಿದ್ದಕ್ಕಿಂತ ಜಾಸ್ತಿ, ಬೀರು ತಗೊಂಡ ನೆಂಟರು ತಾವಾಗೇ ಕೊಟ್ಟಿದ್ದು.

ಒಂದೇ ಸಾಮಾನನ್ನ ಅಣ್ಣ-ತಮ್ಮ ಇಬ್ಬರೂ ಕೇಳಿದರೆ ಏನು ಮಾಡೋದು ಅಂತ ಕೇಳಬೇಡಿ. ಅದಕ್ಕೂ ದಾರಿ ಮಾಡಿಕೊಂಡಿದ್ದೇನೆ, ಇಲ್ಲಿ ಬರೆಯಲ್ಲ.

ತೊಟ್ಟಿಲಿಗೆ ಮಾತ್ರ ದುಡ್ಡು ಇಸ್ಕೊಳ್ಳಲ್ಲ. ಅದು ಈಗ ಹೊಳೆನರಸೀಪುರದಲ್ಲಿ ನಾದಿನಿ ಮಗಳ ಮನೆಯಲ್ಲಿದೆ, ದೀಪಾವಳಿ ಆದ ಮೇಲೆ ಆಲೂರಿಗೆ ಹೋಗಬೇಕು. ಗಾಡಿ ಬಾಡಿಗೆ ಆಲೂರಿನವರದ್ದು ಅಂತ ಈಗಲೇ ಹೇಳಿಟ್ಟಿದ್ದೇನೆ.